ಒಂದೂವರೆ ಗೇಣು ದಾರ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ಕೊಡಲು ನನ್ನಲ್ಲಿ ಎರಡು ಉತ್ತರಗಳುಂಟು. 13,993 ಕಿಲೋಮೀಟರು ಎಂಬುದು ಒಂದು. ಒಂದೂವರೆ ಗೇಣು ಎಂಬುದು ಇನ್ನೊಂದು. ಮೊದಲನೆಯದು, ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನ 2021ರಲ್ಲಿ ಆರಂಭವಾದಾಗ ಪತ್ರಿಕೆಗಳಲ್ಲಿ ಬಂದ ಸಂಖ್ಯೆ. ಎರಡನೆಯದು ನನ್ನ ಸ್ವಂತದ ಅಳತೆ. ನನ್ನ ಮನೆಯ ಜಗಲಿಯಲ್ಲಿ ಹನ್ನೆರಡು ಅಂಗುಲ ವ್ಯಾಸದ ಹಳೆಯ ಗೋಳವೊಂದಿದೆ. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಭೂಗೋಳದ ಪಾಠ ಹೇಳಿದ ಪ್ರೌಢಶಾಲೆಯಲ್ಲಿ ಹಳೆಯ ಸಾಮಾನುಗಳನ್ನು ಹರಾಜು ಹಾಕಿದಾಗ, ಕಾಲು ಮುರಿದ ಎರಡು ಬೆಂಚುಗಳ ಜೊತೆಗೆ ಅದನ್ನು ಕೊಂಡು ತಂದೆ. ಬೆಂಚುಗಳು ಒಲೆಗೆ ಹೋದವು, ಗೋಳ ಉಳಿಯಿತು. ಹುಡುಗರ ಬೆರಳುಗಳು ತಾಕಿ ತಾಕಿ ಹಿಂದೂ ಮಹಾಸಾಗರದ ನೀಲಿ ಬಿಳಿಚಿಕೊಂಡಿದೆ. ಸೋವಿಯತ್ ಒಕ್ಕೂಟ ಅದರ ಮೇಲೆ ಇಂದಿಗೂ ಅಖಂಡವಾಗಿದೆ. ಆದರೂ ಅದು ಉರುಟಾಗಿದೆ. ನನಗೆ ಬೇಕಾದದ್ದು ಅಷ್ಟೆ.

ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ತನಕ ಎಳೆದು ಬಿಗಿದರೆ, ಅದು ತನ್ನಷ್ಟಕ್ಕೆ ತಾನೇ ಜಾರಿಕೊಂಡು ಹೋಗಿ ಒಂದು ದಾರಿಯಲ್ಲಿ ನಿಲ್ಲುತ್ತದೆ. ಗೋಳದ ಮೇಲೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಆ ದಾರವನ್ನು ತೆಗೆದು ಅಳೆದರೆ ಮೂವತ್ತಮೂರು ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ನನ್ನ ಕೈಯಲ್ಲಿ ಒಂದೂವರೆ ಗೇಣು.

ಈ ಎರಡು ಉತ್ತರಗಳಲ್ಲದೆ ಮೂರನೆಯದೊಂದು ಉಂಟು. ಅದನ್ನು ನಾನು 2023ರ ಫೆಬ್ರವರಿಯಲ್ಲಿ, ಹೇಳಬಾರದ ಹೊತ್ತಿನಲ್ಲಿ, ತಪ್ಪಾಗಿ ಹೇಳಿದೆ. ಆ ಮಾತು ಆಮೇಲೆ ಬರುತ್ತದೆ. ಮೇಷ್ಟರ ಅಭ್ಯಾಸ ಬಿಡುವುದಲ್ಲವಾದ್ದರಿಂದ ಮೊದಲು ದಾರದ ವಿಷಯವನ್ನೇ ಹೇಳಿಬಿಡುತ್ತೇನೆ, ವಾಚಕರು ಸೈರಿಸಿಕೊಳ್ಳಬೇಕು.

ಗೋಡೆಯ ಮೇಲೆ ತೂಗುಹಾಕಿದ ಪ್ರಪಂಚದ ನಕ್ಷೆಯಲ್ಲಿ ಈ ಎರಡು ಊರುಗಳನ್ನು ಕೂಡಿಸಿ ಗೆರೆ ಎಳೆಯಿರಿ ಎಂದು ತರಗತಿಯಲ್ಲಿ ಹೇಳಿದರೆ, ಯಾವ ಹುಡುಗನಾದರೂ ಅಡಿಪಟ್ಟಿಯನ್ನು ಇಟ್ಟು ಎಡಗಡೆಗೆ ಎಳೆಯುತ್ತಾನೆ. ಗೆರೆ ಅರಬ್ಬೀ ಸಮುದ್ರವನ್ನು ದಾಟಿ, ಸಹಾರಾ ಮರುಭೂಮಿಯನ್ನು ಸೀಳಿ, ಅಟ್ಲಾಂಟಿಕ್ ಸಾಗರವನ್ನು ಹಾದು, ಅಮೆರಿಕ ಖಂಡವನ್ನು ಅಡ್ಡಡ್ಡಲಾಗಿ ಕತ್ತರಿಸಿಕೊಂಡು ಪಶ್ಚಿಮದ ಕರಾವಳಿಗೆ ಮುಟ್ಟುತ್ತದೆ. ನೋಡುವುದಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಆದರೆ ಲೆಕ್ಕ ಹಾಕಿದರೆ ಅದು ಇಪ್ಪತ್ತು ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲಿದೆ. ಎಂದರೆ ಭೂಮಿಯ ಅರ್ಧ ಸುತ್ತಳತೆ. ದಾರದ ದಾರಿಗಿಂತ ಆರು ಸಾವಿರ ಕಿಲೋಮೀಟರು ಹೆಚ್ಚು! ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. 1569ರಲ್ಲಿ ಮರ್ಕೇಟರ್ ಎಂಬ ಫ್ಲಾಂಡರ್ಸಿನ ಪಂಡಿತ ಈ ಬಗೆಯ ನಕ್ಷೆಯನ್ನು ರಚಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದುಕೊಂಡು ಹೋದರೆ ತಲುಪುವ ದಾರಿ ಅದರಲ್ಲಿ ಸರಳರೇಖೆಯಾಗಿ ಕಾಣುತ್ತದೆ. ಹಡಗಿನವನಿಗೆ ಬೇಕಾದದ್ದು ದಾರಿ ತಪ್ಪದಿರುವುದು. ಹತ್ತಿರವಾಗುವುದು ಆಮೇಲಿನ ಮಾತು. ನಾವಿಕನ ನಕ್ಷೆಯನ್ನು ತಂದು ಶಾಲೆಯ ಗೋಡೆಗೆ ಹಾಕಿ, ಗ್ರೀನ್‌ಲ್ಯಾಂಡು ಆಫ್ರಿಕದಷ್ಟು ದೊಡ್ಡದೆಂದು ನಾಲ್ಕು ತಲೆಮಾರಿನ ಮಕ್ಕಳಿಗೆ ನಂಬಿಸಿದವರು ನಾವು, ಮೇಷ್ಟರುಗಳು.

ದಾರ ಹೋಗುವ ದಾರಿಯೇ ಬೇರೆ. ಅದು ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ನೇರವಾಗಿ ಬಡಗಣಕ್ಕೆ ಮುಖ ಮಾಡಿ, ಒಂದಿಷ್ಟು ಬಲಕ್ಕೆ ವಾಲಿಕೊಂಡು ಹೊರಡುತ್ತದೆ. ತೆಲಂಗಾಣವನ್ನು ಹಾದು, ಕಾಶಿಯ ಸಮೀಪದಲ್ಲಿ ಗಂಗೆಯನ್ನು ದಾಟಿ, ನೇಪಾಳದಲ್ಲಿ ಅನ್ನಪೂರ್ಣಾ ಶಿಖರಗಳ ಆಸುಪಾಸಿನಿಂದ ಹಿಮಾಲಯವನ್ನು ಏರುತ್ತದೆ. ಟಿಬೆಟ್ಟು, ಚೀನದ ಪಶ್ಚಿಮದ ಮರುಭೂಮಿಗಳು, ಮಂಗೋಲಿಯದ ಅಂಚು, ಬೈಕಾಲ್ ಸರೋವರದ ಸೀಮೆ, ಯಾಕುತಿಯದ ಕಾಡುಗಳು, ಇವೆಲ್ಲ ಆದಮೇಲೆ ಕೊಲಿಮಾ ನದಿ ಉತ್ತರ ಸಮುದ್ರವನ್ನು ಸೇರುವಲ್ಲಿ ಹಿಮದ ಮೇಲೆ ಕೊಂಚ ಹೊತ್ತು ಸುಳಿದು, ಅಲಾಸ್ಕವನ್ನು ಹಾದು, ಪೆಸಿಫಿಕ್ ತೀರದ ಗುಂಟ ದಕ್ಷಿಣಕ್ಕೆ ಇಳಿಯುತ್ತದೆ. ಭೂಗೋಳಶಾಸ್ತ್ರದಲ್ಲಿ ಇದಕ್ಕೆ ಮಹಾವೃತ್ತವೆಂದು ಹೆಸರು. ಬೆಂಗಳೂರಿನಿಂದ ಹೊರಟು ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾದು ಹೋಗುತ್ತೇನೆಂದು ಹಟ ಹಿಡಿದರೂ ಹೆಚ್ಚಾಗುವುದು ನಾನೂರು ಕಿಲೋಮೀಟರಿಗಿಂತ ಕಡಮೆ. ಎರಡು ಊರುಗಳೂ ಭೂಮಿಯ ಎದುರುಬದುರು ಮಗ್ಗುಲುಗಳಲ್ಲಿ ಇರುವುದರಿಂದ ಹೀಗೆ.

ಈ ದಾರವನ್ನು ನಾನು ಮೊದಲ ಬಾರಿಗೆ ಜಗಲಿಯಲ್ಲಿ ಬಿಗಿದು ತೋರಿಸಿದ್ದು ನನ್ನ ಅಣ್ಣನಿಗೆ. ಅಣ್ಣನ ಮಗ ಆ ಊರಿನಲ್ಲಿ ಇದ್ದಾನೆ. ಅಣ್ಣ ಏಳನೆಯ ತರಗತಿಗೆ ಓದು ಮುಗಿಸಿ ಅಡಿಕೆ ತೋಟಕ್ಕೆ ಇಳಿದವನು. ತೀರ್ಥಹಳ್ಳಿಯಿಂದ ಆಚೆಗೆ ಹತ್ತು ಮೈಲಿಯಲ್ಲಿರುವ ನಮ್ಮ ಊರನ್ನು ಬಿಟ್ಟು ಅವನು ಹೋದದ್ದು ಬಹಳ ಕಡಮೆ. ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡು ದಾರವನ್ನು ಹಿಂಬಾಲಿಸಿ ನೋಡಿದ. ಕಾಶಿಯ ಹತ್ತಿರ ಬೆರಳನ್ನು ನಿಲ್ಲಿಸಿ, “ಹಾಗಾದರೆ ನಮ್ಮವನು ಪ್ರತಿ ಸಲವೂ ಕಾಶಿಯಾತ್ರೆ ಮಾಡಿಕೊಂಡೇ ಹೋಗುತ್ತಾನೆ ಅನ್ನು. ನನಗೇ ಆಗಲಿಲ್ಲ,” ಎಂದು ನಕ್ಕ.

ನಮ್ಮ ಹಿರಿಯರು ದೂರವನ್ನು ಹೊತ್ತಿನಿಂದ ಅಳೆಯುತ್ತಿದ್ದರು. ಕೂಗಳತೆ, ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು, ಒಂದು ಬೆಳಗಿನ ದಾರಿ, ಎರಡು ದಿನದ ದಾರಿ. ಇದು ಅಜ್ಞಾನವೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ನಾನು ಓದಿದ್ದು ಮೈಲಿಯಲ್ಲಿ, ಪಾಠ ಹೇಳಿದ್ದು ಕಿಲೋಮೀಟರಿನಲ್ಲಿ. ಎರಡೂ ನಿಶ್ಚಯವಾದ ಅಳತೆಗಳೆಂಬ ಹೆಮ್ಮೆ ನನಗಿತ್ತು. ಈಗ ನೋಡಿದರೆ, ವಿಮಾನದ ಟಿಕೇಟು ಕೊಳ್ಳುವವರಲ್ಲಿ ಒಬ್ಬರೂ ಕಿಲೋಮೀಟರನ್ನು ಕೇಳುವುದಿಲ್ಲ. ಎಷ್ಟು ಗಂಟೆ ಎಂದೇ ಕೇಳುತ್ತಾರೆ. ಎಲೆಯಡಿಕೆಯ ಅಳತೆಯೇ ಮರಳಿ ಬಂದಂತಾಯಿತು.

ಆ ಅಳತೆಯಲ್ಲಿ ಅಮೆರಿಕ ಎಷ್ಟು ದೂರವಿತ್ತು? 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಗಳಾಗಿದ್ದ ಸ್ವಾಮಿ ವಿವೇಕಾನಂದರು, ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೋ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್, ಜಪಾನಿನ ರೇವುಗಳು, ಹೀಗೆ ಅಲ್ಲಲ್ಲಿ ತಂಗುತ್ತ, ನೋಡುತ್ತ, ಪೆಸಿಫಿಕ್ ಸಾಗರವನ್ನು ದಾಟಿ ಕೆನಡದ ವ್ಯಾಂಕೂವರಿನಲ್ಲಿ ಇಳಿದದ್ದು ಜುಲೈ 25ರಂದು. ಐವತ್ತೈದು ದಿನ! ಚಿಕಾಗೋ ಭಾಷಣದ ಮಾತು ಬಂದಾಗ ನಾವು ಈ ಐವತ್ತೈದು ದಿನಗಳನ್ನು ಮರೆಯುತ್ತೇವೆ. 1900ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ ಕೆಲವು ತಿಂಗಳು ಇದ್ದು ಉಪನ್ಯಾಸಗಳನ್ನು ಕೊಟ್ಟರು. ಆ ಕಾಲದಲ್ಲಿ ದೂರ ಎಂದರೆ ನೀರು. ವಿನಾಯಕ ಕೃಷ್ಣ ಗೋಕಾಕರು ತಮ್ಮ ಪ್ರವಾಸಕಥನಕ್ಕೆ ಇಟ್ಟ ಹೆಸರು ‘ಸಮುದ್ರದಾಚೆಯಿಂದ’. ಹೋದವನು ನೀರಿನ ಆಚೆಗೆ ಹೋದ. ಬರುವನಾದರೆ ನೀರು ದಾಟಿ ಬರಬೇಕು. ಅವನಿಗಾಗಿ ಯಾರೂ ಯಾವುದನ್ನೂ ತಡೆದು ನಿಲ್ಲಿಸುತ್ತಿರಲಿಲ್ಲ. ಸತ್ತ ಸುದ್ದಿ ಕಾಗದದಲ್ಲಿ ತಿಂಗಳ ಮೇಲೆ ತಲುಪಿದರೆ, ಅಲ್ಲಿಯೇ ಸ್ನಾನ ಮಾಡಿ ಸೂತಕ ಕಳೆದುಕೊಳ್ಳುತ್ತಿದ್ದ.

1960ರ ಮೇ ತಿಂಗಳಲ್ಲಿ ಏರ್ ಇಂಡಿಯಾದ ಬೋಯಿಂಗ್ 707 ಜೆಟ್ ವಿಮಾನ ಲಂಡನ್ನಿನ ಮೂಲಕ ನ್ಯೂಯಾರ್ಕಿಗೆ ಹಾರಲು ತೊಡಗಿತು. ತಿಂಗಳುಗಳು ಗಂಟೆಗಳಾದವು. ಆದರೂ ಒಂದು ನಿಲುಗಡೆ, ಎರಡು ನಿಲುಗಡೆ, ವಿಮಾನ ಬದಲಾಯಿಸುವುದು, ರಾತ್ರಿಯಿಡೀ ಕುರ್ಚಿಯ ಮೇಲೆ ಕುಳಿತಿರುವುದು, ಇವು ಬಹುಕಾಲ ತಪ್ಪಲಿಲ್ಲ. ನಮ್ಮ ಕಡೆಯ ಹುಡುಗರು ನೂರಾರು ಸಂಖ್ಯೆಯಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲೆಸಿದ ಬಹಳ ವರ್ಷಗಳ ಮೇಲೆ, ಬೆಂಗಳೂರಿಗೂ ಆ ನಾಡಿಗೂ ನೇರ ದಾರಿಯೊಂದು ತೆರೆಯಿತು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ವಿಮಾನವನ್ನು ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಾರೆ ಮತ್ತು ಶಿವಾನಿ ಮನ್ಹಾಸ್. ಅವರು ಉತ್ತರ ಧ್ರುವದ ಮೇಲಿನಿಂದ ಹಾರಿ, ಜನವರಿ 11ರ ಬೆಳಗಿನ ಜಾವದಲ್ಲಿ ದೇವನಹಳ್ಳಿಯಲ್ಲಿ ಇಳಿದರು. ನಡುವೆ ಹದಿನೇಳು ಗಂಟೆಗೂ ಮಿಕ್ಕಿದ ಹಾರಾಟ.

ಒಂಬತ್ತರ ರಾತ್ರಿ ಹೊರಟು ಹನ್ನೊಂದರ ಬೆಳಗಿನ ಜಾವ ಇಳಿದರೆ ಹತ್ತನೆಯ ತಾರೀಖು ಎಲ್ಲಿ ಹೋಯಿತು? ಹಾರಿದ್ದು ಹದಿನೇಳು ಗಂಟೆಯಷ್ಟೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಆ ಪ್ರಯಾಣಿಕರ ಹತ್ತನೆಯ ತಾರೀಖನ್ನು ನುಂಗಿದ್ದು ಈ ವ್ಯತ್ಯಾಸ. ಇದು ಹೊಸ ಸೋಜಿಗವೇನಲ್ಲ. 1522ರಲ್ಲಿ, ಮೆಗೆಲ್ಲನನ ಹಡಗುಗಳಲ್ಲಿ ಉಳಿದ ಒಂದೇ ಒಂದು ಹಡಗು ಭೂಮಿಯನ್ನು ಸುತ್ತಿ ಹಿಂದಿರುಗುತ್ತ ಕೇಪ್ ವರ್ಡೆ ದ್ವೀಪಗಳನ್ನು ಮುಟ್ಟಿದಾಗ, ಹಡಗಿನವರ ದಿನಚರಿಯಲ್ಲಿ ಬುಧವಾರ, ದಡದವರ ಲೆಕ್ಕದಲ್ಲಿ ಗುರುವಾರ. ಒಂದು ದಿನವನ್ನೂ ಬಿಡದೆ ಬರೆದಿಟ್ಟಿದ್ದ ಪಿಗಫೆಟ್ಟ ಎಂಬಾತ ತನ್ನ ಲೆಕ್ಕದಲ್ಲಿ ತಪ್ಪೆಲ್ಲಿ ಎಂದು ಬೆರಗಾದನಂತೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸೂರ್ಯನ ಜೊತೆಯಲ್ಲಿಯೇ ಪಶ್ಚಿಮಕ್ಕೆ ಸುತ್ತಿದವನಿಗೆ ಒಂದು ಸೂರ್ಯೋದಯ ಕಡಮೆಯಾಗಲೇಬೇಕು.

ದಾರದಲ್ಲಿ ಕಾಣದ ಸಂಗತಿಗಳು ಇನ್ನೂ ಕೆಲವುಂಟು. ಭೂಮಿಯಿಂದ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಗಂಟೆಗೆ ನೂರೈವತ್ತು, ಇನ್ನೂರು ಕಿಲೋಮೀಟರು ವೇಗ ಅವಕ್ಕೆ ಸಾಮಾನ್ಯ. ಇದನ್ನು ಮೊದಲು ಅಳೆದವರಲ್ಲಿ ಒಬ್ಬ ಓಯಿಶಿ ಎಂಬ ಜಪಾನೀ ಹವಾಮಾನ ತಜ್ಞ. ಲೋಕಕ್ಕೆಲ್ಲ ತಿಳಿಯಲೆಂದು ಆತ ತನ್ನ ವರದಿಯನ್ನು 1926ರಲ್ಲಿ ಎಸ್ಪೆರಾಂಟೋ ಭಾಷೆಯಲ್ಲಿ ಅಚ್ಚು ಹಾಕಿಸಿದ. ಆದ್ದರಿಂದಲೇ ಲೋಕದಲ್ಲಿ ಹೆಚ್ಚು ಜನ ಓದಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಈ ಗಾಳಿಗೆ ಸಿಕ್ಕಿ ತತ್ತರಿಸಿದ ಮೇಲೆ ಎಲ್ಲರಿಗೂ ಅದರ ಅರಿವಾಯಿತು. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಈ ಗಾಳಿ ಹೆಗಲು ಕೊಡುತ್ತದೆ, ಪಶ್ಚಿಮಕ್ಕೆ ಹೋಗುವುದಕ್ಕೆ ಎದೆಗೆ ಒದೆಯುತ್ತದೆ. ಆದ್ದರಿಂದ ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಇಂದಿನ ದಾರಿ ನಾಳೆಗೆ ಇರುವುದಿಲ್ಲ. ವಿಮಾನ ನಡೆಸುವವರು ದಾರವನ್ನು ಬಿಟ್ಟು, ಗಾಳಿ ಯಾವ ಕಡೆ ಒಳ್ಳೆಯದೋ ಆ ಕಡೆಗೆ ಸಾವಿರ ಕಿಲೋಮೀಟರು ಸುತ್ತಿಕೊಂಡು ಹೋಗುವುದೂ ಉಂಟು. ಧ್ರುವಪ್ರದೇಶದಲ್ಲಿ ಹೊರಗಿನ ಚಳಿ ಎಷ್ಟೆಂದರೆ ರೆಕ್ಕೆಯ ತೊಟ್ಟಿಯಲ್ಲಿರುವ ಎಣ್ಣೆ ಎಲ್ಲಿ ಹೆಪ್ಪುಗಟ್ಟಿತೋ ಎಂದು ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ಸೊನ್ನೆಗಿಂತ ನಲವತ್ತೇಳು ಡಿಗ್ರಿ ಕೆಳಗೆ ಅದರ ಎಲ್ಲೆ. ಇಳಿಯಬೇಕಾಗಿ ಬಂದರೆ ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. 2023ರ ಜೂನ್ ತಿಂಗಳಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವದ ಅಂಚಿನ ಮಗದಾನ್ ಎಂಬ ಊರಿನಲ್ಲಿ ಇಳಿದು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಇನ್ನೊಂದು ವಿಮಾನ ಬರುವವರೆಗೆ ಅಲ್ಲಿ ಉಳಿಯಬೇಕಾಯಿತು. ನನ್ನ ಗೋಳದ ಮೇಲೆ ಆ ಊರಿನ ಹೆಸರಿದೆ. ಮೂವತ್ತು ವರ್ಷ ಒಬ್ಬ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎಡವಿದೆ.

2023ರ ಫೆಬ್ರವರಿಯ ಒಂದು ಗುರುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಅಣ್ಣ ತೀರಿಕೊಂಡ. ಎಂಬತ್ತನಾಲ್ಕು ವರ್ಷ ಬಾಳಿದ ಜೀವ. ಮಲಗಿದ್ದು ನಾಲ್ಕು ದಿನ. ಅಲ್ಲಿ ಇನ್ನೂ ಬುಧವಾರ ಮಧ್ಯಾಹ್ನ ಎರಡೂವರೆ. ಮಗನಿಗೆ ಫೋನು ಮಾಡಿದವನು ನಾನೇ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಚಿಕ್ಕಪ್ಪ, ಹೊರಡುತ್ತೇನೆ. ಕಾಯುತ್ತೀರಾ?” ಎಂದ. “ಕಾಯುತ್ತೇವೆ, ನೀನು ಹೊರಡು,” ಎಂದೆ.

ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದರು. ಭಟ್ಟರು ಬಂದರು. ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: ಎಷ್ಟು ಹೊತ್ತಾಗುತ್ತದೆ? ಆ ಪ್ರಶ್ನೆಗೆ ಉತ್ತರ ಹೇಳತಕ್ಕವನು ಊರಿನಲ್ಲಿ ನಾನಲ್ಲದೆ ಇನ್ನು ಯಾರು? ಅತ್ತಿಗೆಯೂ ಊರವರಂತೆ ನನ್ನನ್ನು ಮೇಷ್ಟ್ರೇ ಎಂದೇ ಕರೆಯುವುದು. ಗೋಡೆಗೆ ಒರಗಿ ಕುಳಿತಿದ್ದ ಅವರು ತಲೆ ಎತ್ತಿ, “ಎಷ್ಟು ಹೊತ್ತು ಮೇಷ್ಟ್ರೇ?” ಎಂದರು. “ಹದಿನೇಳು ಗಂಟೆ,” ಎಂದೆ.

ವಾಚಕರು ಗಮನಿಸಬೇಕು: ನಾನು ಸುಳ್ಳು ಹೇಳಲಿಲ್ಲ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಅವರು ಕೇಳಿದ್ದು ಒಂದು ಮನೆಯ ಬಾಗಿಲಿನಿಂದ ಇನ್ನೊಂದು ಮನೆಯ ಬಾಗಿಲಿಗೆ. ನಾನು ಹೇಳಿದ್ದು ಒಂದು ವಿಮಾನ ನಿಲ್ದಾಣದ ನೆಲದಿಂದ ಇನ್ನೊಂದರ ನೆಲಕ್ಕೆ. ಅಂಗಳದಲ್ಲಿದ್ದವರು ಬೆರಳು ಮಡಿಸಿ ಎಣಿಸಿದರು. ರಾತ್ರಿ ಒಂಬತ್ತಕ್ಕೆ ಬಂದಾನು, ಹತ್ತಕ್ಕೆ ಬಂದಾನು. ನಾಳೆ ಬೆಳಗ್ಗೆ ಎತ್ತೋಣ ಎಂದು ಭಟ್ಟರು ಹೇಳಿದರು. ಶಿವಮೊಗ್ಗೆಯಿಂದ ಬಾಡಿಗೆಗೆ ಫ್ರೀಜರ್ ಪೆಟ್ಟಿಗೆಯನ್ನು ತರಿಸಿದರು. ತೋಟದ ಮೇಲಿನ ಮಾವಿನ ಮರವನ್ನು ಕಡಿಯಲು ಆಳುಗಳು ಹೋದರು.

ಎಂಟು ಗಂಟೆಗೆ ಅವನ ಫೋನು ಬಂತು. ನೇರವಾಗಿ ಬೆಂಗಳೂರಿಗೆ ಹಾರುವ ವಿಮಾನ ವಾರದಲ್ಲಿ ಕೆಲವು ದಿನ ಮಾತ್ರ, ಅಂದು ಇರಲಿಲ್ಲ. ಸಿಕ್ಕಿದ್ದು ದುಬೈ ಮೂಲಕ ಬರುವ ದಾರಿ. ಅಲ್ಲಿಯ ರಾತ್ರಿ ಹತ್ತಕ್ಕೆ, ಎಂದರೆ ನಮ್ಮ ಹಗಲು ಹನ್ನೊಂದೂವರೆಗೆ ಹೊರಟು, ಹದಿನಾರು ಗಂಟೆ ಹಾರಿ, ಅಲ್ಲಿ ಐದು ಗಂಟೆ ಕಾದು, ಮತ್ತೆ ನಾಲ್ಕು ಗಂಟೆ ಹಾರಿದರೆ ದೇವನಹಳ್ಳಿ. ದಾರದ 14,000 ಕಿಲೋಮೀಟರು ಈ ದಾರಿಯಲ್ಲಿ 15,700ರಷ್ಟಾಗುತ್ತದೆ. ಅದು ದೊಡ್ಡ ವ್ಯತ್ಯಾಸವಲ್ಲ. ಐದು ಗಂಟೆ ಕಾಯುವುದು ದೊಡ್ಡದು. ಆ ಐದು ಗಂಟೆಯಲ್ಲಿ ಕಿಲೋಮೀಟರು ಒಂದೂ ಇಲ್ಲ.

ನಾನು ಎದ್ದು ನಿಂತು, “ನಾಳೆ ಮಧ್ಯಾಹ್ನ ಹನ್ನೆರಡೂವರೆಗೆ ಇಳಿಯುತ್ತಾನೆ,” ಎಂದು ಎಲ್ಲರಿಗೂ ತಿಳಿಸಿದೆ. ‘ಇಳಿಯುತ್ತಾನೆ’ ಎಂದು ಜಗಲಿಯಲ್ಲಿ ನಾನು ಆಡಿದ ಮಾತು ಅಂಗಳವನ್ನು ದಾಟಿ ಕೊಟ್ಟಿಗೆಯ ಹತ್ತಿರ ಹೋಗುವಷ್ಟರಲ್ಲಿ ‘ಬರುತ್ತಾನೆ’ ಎಂದಾಗಿತ್ತು. ತಿದ್ದಬಹುದಿತ್ತು. ಆ ಹೊತ್ತಿನಲ್ಲಿ ತಿದ್ದುವ ಧೈರ್ಯ ನನಗಾಗಲಿಲ್ಲ. ಒಂದು ಸಲ ತಪ್ಪು ಲೆಕ್ಕ ಹೇಳಿದ್ದಾಗಿತ್ತು.

ದೇವನಹಳ್ಳಿಯಿಂದ ನಮ್ಮ ಮನೆಗೆ ರಸ್ತೆಯಲ್ಲಿ ಸುಮಾರು 370 ಕಿಲೋಮೀಟರು. ದೊಡ್ಡಬಳ್ಳಾಪುರ, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ತೀರ್ಥಹಳ್ಳಿ. ಈ ಊರುಗಳ ಸಾಲನ್ನು ನಾನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಾಡಿನಂತೆ ಬಾಯಿಪಾಠ ಮಾಡಿಸುತ್ತಿದ್ದೆ. ಗೋಳದ ಮೇಲೆ ಇದೆಲ್ಲ ಸೇರಿ ಅರ್ಧ ಸೆಂಟಿಮೀಟರಿಗೆ ಸ್ವಲ್ಪ ಮಿಗಿಲು. ಕಿರುಬೆರಳಿನ ಉಗುರಿನ ಅಗಲವೂ ಇಲ್ಲ. ಮೂವತ್ತಮೂರು ಸೆಂಟಿಮೀಟರನ್ನು ಹದಿನೇಳು ಗಂಟೆಯಲ್ಲಿ ಹಾರಿ ಮುಗಿಸುವ ಮನುಷ್ಯ, ಈ ಅರ್ಧ ಸೆಂಟಿಮೀಟರಿಗೆ ಎಂಟು ಗಂಟೆ ತೆಗೆದುಕೊಳ್ಳುತ್ತಾನೆ. ಅದೇ ಫೆಬ್ರವರಿ 27ರಂದು ಶಿವಮೊಗ್ಗದಲ್ಲಿ ಹೊಸ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅಲ್ಲಿಗೆ ವಿಮಾನ ಹಾರಲು ತೊಡಗಿದ್ದು ಆಗಸ್ಟ್ 31ರಿಂದ.

ಶುಕ್ರವಾರ ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಮಲೆನಾಡಿನಲ್ಲಿ ಅದು ಸುದ್ದಿಯಲ್ಲ. ಆದರೆ ಅಂದು ಪೆಟ್ಟಿಗೆಯ ಸದ್ದು ನಿಂತಾಗ ಇಡೀ ಮನೆ ಕಿವಿಗೊಟ್ಟು ಕೇಳಿತು. ಒಂದೂವರೆಗೆ ಅವನು ನಿಲ್ದಾಣದಿಂದ ಹೊರಗೆ ಬಂದು ಕಾರು ಹತ್ತಿದೆನೆಂದು ತಿಳಿಸಿದ. ಮೂರು ಗಂಟೆಯಾದರೂ ಕರೆಂಟು ಬರಲಿಲ್ಲ. ಭಟ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೊತ್ತು ಮುಳುಗಿದ ಮೇಲೆ ಆಗುವುದಿಲ್ಲ, ಇಲ್ಲವಾದರೆ ನಾಳೆಯ ಮಾತು, ನಾಳೆಯವರೆಗೆ ಇಡುವ ಸ್ಥಿತಿ ಇದೆಯೇ ನೀವೇ ನೋಡಿ, ಎಂದು ಮೆಲ್ಲಗೆ ಹೇಳಿದರು. ನಾನು ಒಳಗೆ ಹೋದೆ. ಅತ್ತಿಗೆ ಈ ಸಲ ಎಷ್ಟು ಹೊತ್ತು ಎಂದು ಕೇಳಲಿಲ್ಲ. “ಹೊತ್ತು ಮುಳುಗುವುದರೊಳಗೆ ಬಂದು ಮುಟ್ಟುತ್ತಾನೆಯೇ?” ಎಂದರು. ಮೊದಲನೆಯ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. ನಾನೇ ನನ್ನನ್ನು ಕೇಳಿಕೊಳ್ಳಬೇಕಾಗಿತ್ತು. “ಇಲ್ಲ,” ಎಂದೆ. ಎರಡು ದಿನಗಳಲ್ಲಿ ನಾನು ಹೇಳಿದ ಸರಿಯಾದ ಉತ್ತರ ಅದೊಂದೇ.

ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವರು ಯಾರನ್ನೂ ಕಾಯಿಸಿದವರಲ್ಲ. ಇಷ್ಟು ಕಾದರು, ಸಾಕು. ನೀವೇ ಮಾಡಿ,” ಎಂದರು.

ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಮಡಕೆ ಹೊತ್ತು ನಿಂತಿದ್ದಾಗ ನನ್ನ ಫೋನು ತಮ್ಮನ ಮಗಳ ಕೈಯಲ್ಲಿತ್ತು. ಅದು ಬಾರಿಸಿತು. ಅವಳು ಕೇಳಿಸಿಕೊಂಡು, ಯಾರಿಗೂ ಹೇಳದೆ, ನನ್ನ ಮುಖ ನೋಡಿದಳು. ಅವನು ಅರಸೀಕೆರೆ ದಾಟಿದ್ದ.

ರಾತ್ರಿ ಒಂಬತ್ತೂಕಾಲಿಗೆ ಕಾರಿನ ದೀಪ ತೋಟದ ತಿರುವಿನಲ್ಲಿ ಕಾಣಿಸಿತು. ಅವನು ಮನೆಗೆ ಬರಲಿಲ್ಲ. ನೇರವಾಗಿ ಕೆಳಗೆ ನಡೆದ. ನಾನೂ ಹಿಂದೆ ಹೋದೆ. ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಅವನು ಬೂಟು ಬಿಚ್ಚಿ ಬದಿಗಿಟ್ಟು ನಿಂತ. ವಿಮಾನದವರು ಕೊಟ್ಟ ಚೀಟಿಯೊಂದು ಅವನ ಚೀಲಕ್ಕೆ ಅಂಟಿಕೊಂಡೇ ಇತ್ತು. “ಎಷ್ಟು ಹೊತ್ತಿಗಾಯಿತು ಚಿಕ್ಕಪ್ಪ?” ಎಂದು ಕೇಳಿದ. ಹೇಳಿದೆ. “ನಾನು ಅರಸೀಕೆರೆಯಲ್ಲಿ ಕಾಫಿ ಕುಡಿಯಲು ನಿಲ್ಲಿಸಿದ್ದೆ. ಹತ್ತು ನಿಮಿಷ,” ಎಂದ. ಆ ಹತ್ತು ನಿಮಿಷದಿಂದ ಏನೂ ಆಗುತ್ತಿರಲಿಲ್ಲವೆಂದು ನಾನು ಲೆಕ್ಕ ಹಾಕಿ ತೋರಿಸಬಹುದಿತ್ತು. ಸುಮ್ಮನಿದ್ದೆ. ಅಣ್ಣನ ಉಸಿರು ನಿಂತ ಮೇಲೆ ನಲವತ್ತೊಂದು ಗಂಟೆ ಕಳೆದಿತ್ತು.

ಉಳಿದ ದಿನಗಳ ಕರ್ಮಗಳನ್ನೆಲ್ಲ ಅವನೇ ಮಾಡಿದ. ಅಸ್ಥಿಯನ್ನು ತುಂಗೆಯಲ್ಲಿ ಬಿಟ್ಟ. ಹದಿಮೂರು ಕಳೆದ ಮೇಲೆ ಹೊರಟು ಹೋದ. ಈ ಬಾರಿ ನೇರ ವಿಮಾನವೇ ಸಿಕ್ಕಿತು. ತಲುಪಿದ ಮೇಲೆ ಫೋನು ಮಾಡಿ, ಹದಿನಾರು ಗಂಟೆಯೂ ಪೂರ್ತಿ ಆಗಲಿಲ್ಲ, ಗಾಳಿ ಅನುಕೂಲವಾಗಿತ್ತಂತೆ, ಎಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಳ್ಳೆಯದಾಯಿತು ಎಂದೆ.

ಅವನು ಹೋದ ವಾರದಲ್ಲಿ ಒಂದು ಸಂಜೆ ಅತ್ತಿಗೆ ನಮ್ಮ ಜಗಲಿಗೆ ಬಂದು ಕುಳಿತರು. ಅವರು ಗೋಳವನ್ನು ಕೇಳಿದ್ದು ಅದೇ ಮೊದಲು. “ಆ ದಾರ ಹಿಡಿದು ತೋರಿಸಿ,” ಎಂದರು. ನಾನು ದಾರವನ್ನು ಬಿಗಿದು, ಇದು ಅವನ ಊರು, ಇದು ಬೆಂಗಳೂರು, ಎಂದು ತೋರಿಸಿದೆ. ಕಾಶಿಯನ್ನೂ ತೋರಿಸಿದೆ. ಅವರು ತಲೆಯಾಡಿಸಿದರು. ಅಣ್ಣ ಅವರಿಗೆ ಹೇಳಿದ್ದನೆಂದು ಕಾಣುತ್ತದೆ.

“ನಮ್ಮ ಮನೆ ಎಲ್ಲಿ?”

ನನ್ನ ಗೋಳದ ಮೇಲೆ ತೀರ್ಥಹಳ್ಳಿ ಇಲ್ಲ, ಶಿವಮೊಗ್ಗವೂ ಇಲ್ಲ. ಬೆಂಗಳೂರಿನ ಚುಕ್ಕೆಯ ಎಡಗಡೆಗೆ, ಕರಾವಳಿಯ ಗೆರೆಗೆ ತಾಗಿದಂತೆ, ಪೆನ್ಸಿಲಿನ ಮೊನೆಯನ್ನು ಇಟ್ಟು, “ಇಲ್ಲಿ,” ಎಂದೆ. ಅತ್ತಿಗೆ ಅದರ ಮೇಲೆ ಬೆರಳಿಟ್ಟರು. ಬೆರಳ ತುದಿಯ ಕೆಳಗೆ ಮನೆ, ತೋಟ, ತುಂಗೆ, ಶಿವಮೊಗ್ಗ, ಅರ್ಧ ಮೈಸೂರು ಸೀಮೆ ಎಲ್ಲವೂ ಮುಚ್ಚಿಹೋಯಿತು.

“ನೀವು ಕೊಳ್ಳಿ ಇಟ್ಟಾಗ ಅವನು ಎಲ್ಲಿದ್ದ ಅಂದಿರಿ?”

“ಅರಸೀಕೆರೆಯಲ್ಲಿ.”

“ಅದೆಲ್ಲಿ, ತೋರಿಸಿ.”

ನಾನು ಪೆನ್ಸಿಲನ್ನು ಹಿಡಿದುಕೊಂಡೇ ಕುಳಿತೆ. ತೋರಿಸಬೇಕಾದರೆ ಅವರು ಬೆರಳು ತೆಗೆಯಬೇಕಾಗಿತ್ತು. ಅತ್ತಿಗೆ ನನ್ನ ಮುಖ ನೋಡಿದರು; ತಮ್ಮ ಬೆರಳನ್ನು ನೋಡಿಕೊಂಡರು.

“ಇದರ ಕೆಳಗೇ ಉಂಟೋ?”

“ಉಂಟು.”

“ಹಾಗಾದರೆ ಇಲ್ಲೇ ಇದ್ದನಲ್ಲ,” ಎಂದರು. ಬೆರಳು ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರು. ನಾನು ದಾರವನ್ನು ಸುತ್ತಿ ಡಬ್ಬಿಯಲ್ಲಿಟ್ಟೆ.